ಹಾಲುತೊಂಡೆಯ ಹರಳುಗಳು

ಮೈಸೂರು ಸೀಮೆಯಲ್ಲಿ ರೇಷ್ಮೆಹುಳು ಸಾಕುವವರಿಗೆ ‘ಹಾಲುತೊಂಡೆ’ ಎಂಬ ಮಾತನ್ನು ಯಾರೂ ವಿವರಿಸಿ ಹೇಳಬೇಕಾದುದಿಲ್ಲ. ಪಟ್ಟಣಗಳಲ್ಲಿದ್ದು ರೇಷ್ಮೆಯನ್ನು ಉಡುವುದನ್ನಷ್ಟೆ ಬಲ್ಲ ನಮಗೆ ಆ ಹೆಸರು ಹೊಸದಾಗಿರಬಹುದು. ರಾಮನಗರ, ಕನಕಪುರ, ಸಿಡ್ಲಘಟ್ಟಗಳ ಕಡೆಯ ಮನೆಗಳಲ್ಲಿ ತಟ್ಟೆಯ ಮೇಲಣ ಒಂದೆರಡು ಹುಳುಗಳು ಮೈಯುಬ್ಬಿ ಹೊಳೆಯತೊಡಗಿದುವೆಂದರೆ ಮನೆಯೊಡತಿಯ ಮುಖ ಬಾಡುವುದು. ಪೊರೆ ಬಿಡುವ ಮುನ್ನ ಹುಳುವು ಮೇವನ್ನು ತೊರೆದು ಅಲ್ಲಾಡದೆ ನಿಲ್ಲುವುದನ್ನು ನಮ್ಮ ರೈತರು ಜ್ವರವೆಂದು ಕರೆಯುತ್ತಾರೆ. ಉಳಿದ ಹುಳುಗಳೆಲ್ಲ ಜ್ವರಕ್ಕೆ ಕೂತಾಗ ಈ ರೋಗಿ ಮಾತ್ರ ಕೂರದೆ ತಟ್ಟೆಯ ಅಂಚಿನಲ್ಲಿ ಸುತ್ತುತ್ತಲೇ ಇರುತ್ತದೆ. ಅದರ ಗಿಣ್ಣುಗಳ ನಡುವಣ ಚರ್ಮ ಉಬ್ಬಿ, ತುಸು ತಾಕಿದರೂ ಒಡೆದು, ಹಾಲಿನಂತಹ ರಸವು ಸುರಿಯುವುದು. ಆ ರಸ ಬಿದ್ದ ಸೊಪ್ಪನ್ನು ತಿಂದ ಹುಳುಗಳಿಗೂ ಅದೇ ಗತಿ. ಹಣ್ಣಾಗಿ ಚಂದ್ರಿಕೆಗೆ ಏರಬೇಕಾದ ಹುಳುಗಳು ನಾಲ್ಕಾರು ದಿನಗಳಲ್ಲಿ ಕೊಳೆತುಹೋಗುವುದುಂಟು. ಅಷ್ಟು ದಿನ ಹೊತ್ತು ಗೊತ್ತಿಲ್ಲದೆ ಸೊಪ್ಪು ಹಾಕಿದ ದುಡಿಮೆಯೂ ಸೊಪ್ಪಿಗೆ ಮಾಡಿದ ಸಾಲವೂ ಮನೆಯಲ್ಲಿ ಉಳಿಯುವುವು.

ಆ ಹಾಲಿನ ಒಂದು ತೊಟ್ಟನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಮಂಕಾದ ಹಾಲಿಗೆ ಬದಲಾಗಿ ಥಳಥಳಿಸುವ ಅಸಂಖ್ಯಾತ ಹರಳುಗಳು ಕಾಣುತ್ತವೆ. ಒಂದೊಂದಕ್ಕೂ ನೇರವಾದ ಅಂಚು, ಚಪ್ಪಟೆಯಾದ ಮುಖಗಳು. ಕಲ್ಲುಸಕ್ಕರೆಯ ತುಣುಕನ್ನು ಅತಿ ಕಿರಿದು ಮಾಡಿ ಹರಡಿದಂತೆ ತೋರುವುದು. ಪ್ರಾಣಿಯ ಒಡಲು ಮೃದುವಾದುದು, ದುಂಡಾದುದು. ಅಲ್ಲಿ ಇಂತಹ ಕೋನಗಳಿಗೆ ಏನು ಕೆಲಸ? ಈ ಹರಳುಗಳನ್ನು ವಿದ್ವಾಂಸರು ‘ಬಹುಮುಖಿ’ಗಳೆಂದು ಕರೆದಿದ್ದಾರೆ. ಅವುಗಳ ಅಡ್ಡಳತೆ ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಭಾಗ. ಈ ಹರಳುಗಳ ಒಳಕಟ್ಟು ಎಂತಹುದು, ಅದನ್ನು ಕಂಡುಹಿಡಿದ ಬಗೆ ಹೇಗೆ ಎಂಬುದನ್ನು ಈ ಹೊತ್ತು ವಿಚಾರಮಾಡೋಣ.

ರೋಗವೇನೋ ಹಳೆಯದು. ಇಟಲಿಯ ಧರ್ಮಾಧಿಕಾರಿಯೂ ಕವಿಯೂ ಆಗಿದ್ದ ಮಾರ್ಕೊ ವಿಡಾ ಎಂಬಾತನು 1527ರಲ್ಲಿ ರೇಷ್ಮೆಹುಳುವನ್ನು ಕುರಿತು ಲ್ಯಾಟಿನ್ ಭಾಷೆಯಲ್ಲಿ ಬರೆದ ಕಾವ್ಯದಲ್ಲಿಯೂ ಇದರ ಸುಳಿವಿದೆ. ಹರಳುಗಳನ್ನು ಮೊದಲು ಕಂಡವರೂ ಇಟಲಿಯವರೇ. ಮಾಯೆಸ್ಟ್ರಿ, ಕೊರ್ನಾಲಿಯ ಎಂಬ ಇಬ್ಬರು 1856ರಲ್ಲಿ ಅವನ್ನು ವರ್ಣಿಸಿದರು. ಕಂಡುದಾಯಿತು, ಅವು ಏನೆಂಬುದು ಮಾತ್ರ ಬಹುಕಾಲ ಬಗೆಹರಿಯಲಿಲ್ಲ. ರೋಗದಿಂದ ಹುಟ್ಟುವ ಕಸವೆಂದರು ಕೆಲವರು. ಆ ಶತಮಾನದ ಕೊನೆಯಲ್ಲಿ ಬೋಲ್ಲೆ ಎಂಬ ವಿದ್ವಾಂಸರು ಹರಳೇ ಒಂದು ಏಕಾಣುಜೀವಿಯೆಂದು ನಂಬಿ ಅದಕ್ಕೊಂದು ಜಾತಿಯ ಹೆಸರನ್ನೂ ಇಟ್ಟರು. 1907ರಲ್ಲಿ ಪ್ರೋವಾಜೆಕ್ ಎಂಬವರು ರೋಗಿ ಹುಳುವಿನ ರಸವನ್ನು ಸೋಸಿ ಹರಳುಗಳನ್ನೆಲ್ಲ ತೆಗೆದುಹಾಕಿದರು. ಸೋಸಿ ಬಂದ ತಿಳಿರಸವೂ ರೋಗವನ್ನು ತಂದಿತು. ಅಂದಮೇಲೆ ರೋಗಕಾರಣವು ಹರಳಿಗಿಂತ ಬಹಳ ಸಣ್ಣದಾದ ಬೇರೆ ಯಾವುದೋ ಆಗಿರಬೇಕು.

ಆ ಬೇರೆ ಯಾವುದೋ ಕಣ್ಣಿಗೆ ಬಿದ್ದುದು 1947ರಲ್ಲಿ. ಜರ್ಮನಿಯಲ್ಲಿ ಕೆಲಸ ಮಾಡುತ್ತಿದ್ದ ಗೆರ್ನೋಟ್ ಬೆರ್ಗೋಲ್ಡ್ ಎಂಬವರು ಬಹುಮುಖಿಗಳನ್ನು ತಿಳಿಯಾದ ಕ್ಷಾರದಲ್ಲಿ ಮೆಲ್ಲಗೆ ಕರಗಿಸಿ, ಉಳಿದುದನ್ನು ಎಲೆಕ್ಟ್ರಾನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಹರಳು ಕರಗಿದೆಡೆಯಲ್ಲಿ ಸಣ್ಣ ಸಣ್ಣ ಕಡ್ಡಿಗಳು ಬಿದ್ದಿದ್ದುವು. ಅವೇ ವೈರಸ್ಸುಗಳು. ಹರಳು ಜೀವಿಯಲ್ಲ, ಕಸವೂ ಅಲ್ಲ. ವೈರಸ್ಸುಗಳನ್ನು ಒಳಗಿಟ್ಟು ಮುಚ್ಚಿದ ಪೆಟ್ಟಿಗೆ. ಪೆಟ್ಟಿಗೆಯ ಬಹುಭಾಗವು ಪಾಲಿಹೆಡ್ರಿನ್ ಎಂಬ ಒಂದೇ ಪ್ರೋಟೀನಿನಿಂದ ಆಗಿದೆ. ಆ ಪ್ರೋಟೀನನ್ನು ಕಟ್ಟುವ ವಿಧಿ ವೈರಸ್ಸಿನ ಬಳಿ ಇರುವುದು. ಸಾಮಗ್ರಿಯೂ ಕೂಲಿಯೂ ಹುಳುವಿನವು.

ವೈರಸ್ಸಿಗೆ ಪೆಟ್ಟಿಗೆಯೇಕೆ ಬೇಕಾಯಿತೆಂಬುದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಮನುಷ್ಯರ ನೆಗಡಿಯ ವೈರಸ್ಸು ಒಬ್ಬನ ಸೀನಿನಿಂದ ಮತ್ತೊಬ್ಬನ ಮೂಗಿಗೆ ಹಾರಿಬಿಡುತ್ತದೆ. ಹುಳುವಿನ ವೈರಸ್ಸಿಗೆ ಈ ಅನುಕೂಲ ಎಲ್ಲ ಕಾಲದಲ್ಲಿಯೂ ಇಲ್ಲ. ಕಾಡಿನ ಮರದ ಮೇಲಣ ಹುಳುಗಳು ವರ್ಷದಲ್ಲಿ ಕೆಲವು ವಾರ ಮಾತ್ರ ಹುಳುಗಳಾಗಿದ್ದು, ಆಮೇಲೆ ಚಿಟ್ಟೆಗಳಾಗಿ ಹಾರಿಹೋಗುವುವು. ಮುಂದಿನ ತಲೆಮಾರಿನ ಹುಳು ಬಂದು ಎಲೆ ಕಚ್ಚುವವರೆಗೆ ವೈರಸ್ಸು ಬಿಸಿಲು, ಮಳೆ, ಕೊಳೆತ ಇವನ್ನೆಲ್ಲ ತಡೆದುಕೊಂಡು ಹೊರಗೆ ಕಾಯಬೇಕು. ಬರಿಯ ವೈರಸ್ಸು ಬಿಸಿಲಿಗೆ ಬೇಗನೆ ಸಾಯುವುದು. ಪೆಟ್ಟಿಗೆಯೊಳಗಣದು ಮಣ್ಣಿನಲ್ಲಿ ವರ್ಷಗಟ್ಟಲೆ, ಕೆಲವೆಡೆ ದಶಕಗಟ್ಟಲೆ, ಸಾಮರ್ಥ್ಯಗೆಡದೆ ಬಿದ್ದಿರಬಲ್ಲುದು. ಒಮ್ಮೆ ರೋಗ ಹೊಕ್ಕ ಹುಳುಮನೆಯನ್ನು ಅದು ಬೆಳೆಯಿಂದ ಬೆಳೆಗೆ ಬಿಡದೆ ಕಾಡುವುದಕ್ಕೆ ಕಾರಣ ಇದೇ. ನೆಲದ ಬಿರುಕಿನಲ್ಲಿ, ತಟ್ಟೆಯ ಹೆಣಿಗೆಯ ಸಂದಿಯಲ್ಲಿ ಪೆಟ್ಟಿಗೆಗಳು ಕಾದಿರುತ್ತವೆ.

ಆದರೆ ಮುಚ್ಚಿದ ಪೆಟ್ಟಿಗೆ ಎಂದೂ ತೆರೆಯದಿದ್ದರೆ ವೈರಸ್ಸಿಗೆ ಅದೇ ಗೋರಿಯಾಗುವುದು. ಮಳೆಗೆ ಕರಗಬಾರದು, ಕೊಳೆತಕ್ಕೆ ಕರಗಬಾರದು. ಹುಳುವಿನ ಕರುಳನ್ನು ಮುಟ್ಟಿದೊಡನೆ ಮಾತ್ರ ಕರಗಬೇಕು. ನಮ್ಮ ಜಠರದಲ್ಲಿರುವುದು ಹುಳಿಯಾದ ಆಮ್ಲರಸ. ರೇಷ್ಮೆಹುಳು ಮೊದಲಾದ ಎಲೆ ತಿನ್ನುವ ಹುಳುಗಳ ಕರುಳಿನಲ್ಲಿ ಇರುವುದು ಇದಕ್ಕೆ ತದ್ವಿರುದ್ಧವಾದ, ತೀಕ್ಷ್ಣವಾದ ಕ್ಷಾರರಸ. ಆ ಕ್ಷಾರವೇ ಪೆಟ್ಟಿಗೆಯ ಬೀಗದ ಕೈ. ಇಷ್ಟು ಬೆರ್ಗೋಲ್ಡರ ಕಾಲಕ್ಕೇ ತಿಳಿದಿತ್ತು. ಒಂದೇ ಪ್ರೋಟೀನಿನಿಂದ ಕಟ್ಟಿದ ಗೋಡೆ ಇಷ್ಟು ಗಟ್ಟಿಯಾಗಿರುವುದು ಹೇಗೆ, ಕ್ಷಾರವೊಂದಕ್ಕೇ ಅದು ಸೋಲುವುದು ಏಕೆ ಎಂಬುದು ತಿಳಿಯಬೇಕಾದರೆ ಗೋಡೆಯ ಇಟ್ಟಿಗೆಗಳನ್ನು, ಇಟ್ಟಿಗೆಯ ಪರಮಾಣುಗಳನ್ನು, ನೋಡಬೇಕಾಗಿತ್ತು. ಅದಕ್ಕೆ ಇನ್ನೂ ಅರುವತ್ತು ವರ್ಷ ಹಿಡಿಯಿತು.

ಪರಮಾಣುಗಳನ್ನು ನೋಡಲು ಸಾಮಾನ್ಯ ಬೆಳಕು ಸಾಲದು. ಅದರ ಅಲೆಗಳು ಪರಮಾಣುವಿಗಿಂತ ಸಾವಿರಾರು ಪಾಲು ಉದ್ದ. ಕ್ಷಕಿರಣದ ಅಲೆಗಳು ತಕ್ಕಷ್ಟು ಕಿರಿದು. ಆದರೆ ಒಂದೇ ಒಂದು ಅಣುವಿನಿಂದ ಚೆದುರಿದ ಕ್ಷಕಿರಣವು ಗುರುತಿಗೆ ಸಿಕ್ಕದಷ್ಟು ಕ್ಷೀಣವಾದುದು. ಕೋಟಿಗಟ್ಟಲೆ ಅಣುಗಳು ಒಂದೇ ದಿಕ್ಕಿಗೆ ಮುಖಮಾಡಿ ಒಂದೇ ಅಂತರದಲ್ಲಿ ನಿಂತಿದ್ದರೆ ಅವೆಲ್ಲದರ ಚೆದುರಿಕೆಯೂ ಕೂಡಿಕೊಂಡು ಛಾಯಾಫಲಕದ ಮೇಲೆ ಚುಕ್ಕೆಗಳ ಒಂದು ವಿನ್ಯಾಸ ಮೂಡುವುದು. ಸ್ಫಟಿಕವೆಂದರೆ ಹಾಗೆ ನಿಂತಿರುವ ಅಣುಗಳ ಸಮೂಹವೇ. ನಮ್ಮ ಹೆಣ್ಣುಮಕ್ಕಳು ಅಂಗಳದಲ್ಲಿಡುವ ಚುಕ್ಕಿ ರಂಗೋಲಿಯನ್ನು ನೆನೆದುಕೊಳ್ಳಬಹುದು. ಅದನ್ನು ನೆಲದ ಮೇಲೆ ಮಾತ್ರವಲ್ಲದೆ ಎತ್ತರಕ್ಕೂ ಪದರ ಪದರವಾಗಿ ಇಟ್ಟರೆ ಸ್ಫಟಿಕದ ಕಲ್ಪನೆ ಬಂದೀತು. 1912ರಲ್ಲಿ ಲಾವೆ ತೋರಿಸಿಕೊಟ್ಟ ಈ ಹಾದಿಯನ್ನು ಬ್ರ್ಯಾಗ್ ತಂದೆಮಕ್ಕಳು ಮರುವರ್ಷವೇ ಉಪ್ಪು ಮೊದಲಾದ ಸರಳ ಪದಾರ್ಥಗಳಿಗೆ ಅನ್ವಯಿಸಿದರು. ಪ್ರೋಟೀನಿನ ಸ್ಫಟಿಕದಿಂದ ಮೊದಲ ಒಳ್ಳೆಯ ಚಿತ್ರ ಬಂದುದು 1934ರಲ್ಲಿ, ಕೇಂಬ್ರಿಜ್ಜಿನಲ್ಲಿ. ತೆಗೆದವರು ಬರ್ನಾಲ್ ಮತ್ತು ಡೊರೊತಿ ಕ್ರೌಫುಟ್. ಪ್ರೋಟೀನಿನ ಸ್ಫಟಿಕವು ಒಣಗಿದರೆ ಕೆಡುವುದೆಂದೂ, ಅದನ್ನು ಬೆಳೆದ ದ್ರವದಲ್ಲಿಯೇ ಇಟ್ಟು ಚಿತ್ರ ತೆಗೆಯಬೇಕೆಂದೂ ಅವರು ಕಂಡುಕೊಂಡರು.

ಪ್ರೋಟೀನುಗಳನ್ನು ಅಭ್ಯಾಸಮಾಡುವ ವಿಜ್ಞಾನಿಗಳ ಅರ್ಧ ಆಯುಷ್ಯ ಸ್ಫಟಿಕವನ್ನು ಬೆಳೆಯಿಸುವುದರಲ್ಲೇ ಕಳೆಯುವುದು. ಉಪ್ಪಿನ ಪ್ರಮಾಣವನ್ನು ಹೆಚ್ಚಿಸಿ, ಕಡಿಮೆ ಮಾಡಿ, ತಿಂಗಳುಗಟ್ಟಲೆ ಕಾದು, ಕೊನೆಗೆ ಒಂದು ಹರಳೂ ಸಿಕ್ಕದೆ ಹೋಗುವುದು ಅಪರೂಪವಲ್ಲ. ಇಲ್ಲಿಯೋ, ಹುಳುವು ತಾನಾಗಿಯೇ ಹರಳುಗಳನ್ನು ಕೋಟಿಗಟ್ಟಲೆ ಬೆಳೆದುಕೊಟ್ಟಿತ್ತು. ದೇವರು ಕೊಟ್ಟ ವರವೆಂದೇ ಹೇಳಬೇಕು. ಆದರೆ ಎಲ್ಲ ವರಗಳಂತೆ ಇದಕ್ಕೂ ಒಂದು ಕೊಂಕಿತ್ತು. ಹರಳುಗಳು ತೀರ ಚಿಕ್ಕವು. ಪ್ರಯೋಗಶಾಲೆಗಳವರು ಬಯಸುತ್ತಿದ್ದ ಸ್ಫಟಿಕ ಅರ್ಧ ಮಿಲಿಮೀಟರಿನಷ್ಟಾದರೂ ಇರಬೇಕು. ಬಹುಮುಖಿಯ ಅಗಲ ಅದರ ನೂರರಲ್ಲೊಂದು ಪಾಲು. ಗಾತ್ರವೋ ಹತ್ತು ಲಕ್ಷದಲ್ಲೊಂದು. ಅಷ್ಟು ಚಿಕ್ಕ ಹರಳು ಚೆದುರಿಸುವ ಕ್ಷಕಿರಣ ಹಿನ್ನೆಲೆಯ ಮಬ್ಬಿನಲ್ಲಿ ಮುಳುಗಿಹೋಗುವುದು. ಕಿರಣವನ್ನು ಪ್ರಬಲಗೊಳಿಸಿದರೆ ಹರಳೇ ಸುಟ್ಟುಹೋಗುವುದು. ಹರಳನ್ನು ಕರಗಿಸಿ ದೊಡ್ಡದಾಗಿ ಮರಳಿ ಬೆಳೆಯಿಸೋಣವೆಂದರೆ, ನಮಗೆ ಬೇಕಾದುದು ಆ ಪೆಟ್ಟಿಗೆಯ ಕಟ್ಟೇ ಹೊರತು ಅದನ್ನು ಒಡೆದುಬಂದ ತುಂಡಲ್ಲ.

ಮುಂದಿನ ಮಾತು ಎಲೆಕ್ಟ್ರಾನುಗಳನ್ನು ಬೆಳಕಿನ ವೇಗದ ಸಮೀಪಕ್ಕೆ ಓಡಿಸುವ ದೊಡ್ಡ ಬಳೆಯಂತಹ ಯಂತ್ರಗಳದು. ಬಳೆಯಲ್ಲಿ ಬಾಗಿ ಓಡುವ ಎಲೆಕ್ಟ್ರಾನು ಅತ್ಯಂತ ಪ್ರಖರವಾದ ಕ್ಷಕಿರಣವನ್ನು ಸೂಸುತ್ತದೆ. ಸ್ವಿಟ್ಜರ್ಲೆಂಡಿನ ಫಿಲ್ಲಿಗೆನ್ ಎಂಬಲ್ಲಿ ಅಂತಹದೊಂದು ಯಂತ್ರವಿದೆ. ಅಲ್ಲಿ ಕಿರಣದ ಎಳೆಯನ್ನು ಹರಳಿನ ಅಗಲಕ್ಕೆ ಸರಿಸುಮಾರಾಗಿ ಸಣ್ಣಗೊಳಿಸುವ ವ್ಯವಸ್ಥೆಯಾಗಿತ್ತು. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾನಿಲಯದ ಪೀಟರ್ ಮೆಟ್‌ಕಾಫ್, ಅವರ ಜೊತೆಗಾರ ಫಾಸೆಲಿ ಕುಲಿಬಲಿ, ಜಪಾನಿನ ಕ್ಯೋಟೋದ ಹಾಜಿಮೆ ಮೋರಿ ಮೊದಲಾದವರು ರೇಷ್ಮೆಹುಳುವಿನ ಬಹುಮುಖಿಗಳನ್ನು ಅಲ್ಲಿಗೆ ಕೊಂಡೊಯ್ದರು. ಹರಳುಗಳನ್ನು ನವಿರಾದ ಜಾಲರಿಯ ಮೇಲೆ ಹರಡಿ, ಸುಡುವ ಹಾನಿ ತಗ್ಗಲೆಂದು ಶೂನ್ಯಕ್ಕಿಂತ 170 ಡಿಗ್ರಿಗೂ ಕೆಳಗಿನ ಚಳಿಯಲ್ಲಿ ಇಟ್ಟು, ಒಂದೊಂದನ್ನೇ ಕಿರಣಕ್ಕೆ ಒಡ್ಡಿದರು. 2007ರಲ್ಲಿ ಫಲಿತಾಂಶ ಪ್ರಕಟವಾಯಿತು. ಒಂದು ಸೆಂಟಿಮೀಟರಿನ ಐದು ಕೋಟಿಯಲ್ಲೊಂದು ಪಾಲಿನಷ್ಟು ಸೂಕ್ಷ್ಮದವರೆಗೆ ಪ್ರೋಟೀನಿನ ರೂಪ ಸ್ಪಷ್ಟವಾಗಿತ್ತು. ಅಷ್ಟು ಚಿಕ್ಕ ಹರಳಿನಿಂದ ಹೊಸದೊಂದು ಪ್ರೋಟೀನಿನ ರೂಪವನ್ನು ಬಿಡಿಸುವುದು ಆಗಿನ ಕಾಲಕ್ಕೆ ಸಣ್ಣ ಸಾಹಸವಲ್ಲ.

ಇಲ್ಲಿ ಒಂದು ವಿವರವನ್ನು ಬಿಡಿಸಿ ಹೇಳಬೇಕು. ರೇಷ್ಮೆಹುಳುವಿಗೆ ಬಹುಮುಖಿಯ ರೋಗಗಳು ಎರಡು. ಹಾಲುತೊಂಡೆಯಲ್ಲಿ ಹರಳುಗಳು ಜೀವಕೋಶದ ಬೀಜಕೇಂದ್ರದಲ್ಲಿ ಬೆಳೆಯುವುವು. ಅದರ ವೈರಸ್ಸಿನ ವಂಶದ್ರವ್ಯ ಡಿ.ಎನ್‌.ಎ. ಎರಡನೆಯದನ್ನು 1934ರಲ್ಲಿ ಜಪಾನಿನ ಇಶಿಮೋರಿ ವರ್ಣಿಸಿದರು. ಅದರ ಹರಳುಗಳು ಕರುಳಿನ ಗೋಡೆಯ ಕೋಶಗಳಲ್ಲಿ, ಬೀಜಕೇಂದ್ರದ ಹೊರಗೆ ಬೆಳೆಯುವುವು, ವಂಶದ್ರವ್ಯ ಆರ್‌.ಎನ್‌.ಎ. 2007ರಲ್ಲಿ ಬಿಡಿಸಿದುದು ಈ ಎರಡನೆಯದರ ಹರಳನ್ನು. ಹಾಲುತೊಂಡೆಯ ಗುಂಪಿನ ಹರಳಿಗೆ ಇನ್ನೆರಡು ವರ್ಷ ಕಾಯಬೇಕಾಯಿತು.

ಕಂಡ ಕಟ್ಟನ್ನು ಮಾತಿನಲ್ಲಿ ಹೇಳುವುದು ಸುಲಭವಲ್ಲ, ಪ್ರಯತ್ನಿಸೋಣ. ಪಾಲಿಹೆಡ್ರಿನ್ ಎಂಬುದು 248 ಅಮೈನೋ ಆಮ್ಲಗಳ ಒಂದು ಸರ, ಮಡಿಸಿ ಮುದ್ದೆಯಾದುದು. ಮೂರು ಮುದ್ದೆಗಳು ಒಂದಕ್ಕೊಂದು ಆತು ಒಂದು ತ್ರಿಕೂಟವಾಗುತ್ತದೆ. ಅಡುಗೆಯ ಒಲೆಯ ಮೂರು ಗುಂಡುಗಳು ನಡುವೆ ತಾಕುವಷ್ಟು ಹತ್ತಿರ ಬಂದಂತೆ ಎನ್ನೋಣ. ಪ್ರತಿಯೊಂದು ಮುದ್ದೆಯಿಂದಲೂ ಸುರುಳಿಯಾದ ಒಂದು ತೋಳು ಹೊರಚಾಚಿ ನೆರೆಯ ತ್ರಿಕೂಟವನ್ನು ಹಿಡಿದುಕೊಳ್ಳುತ್ತದೆ. ಇಂತಹ ನಾಲ್ಕು ತ್ರಿಕೂಟಗಳು ಕೂಡಿ ಒಂದು ಗೊಂಚಲು. ಗೊಂಚಲುಗಳನ್ನು ಜೋಡಿಸಿದ ಕ್ರಮ ಇದು: ಚೌಕವಾದ ಪೆಟ್ಟಿಗೆಯ ಎಂಟು ಮೂಲೆಗಳಲ್ಲಿ ಎಂಟು, ನಟ್ಟನಡುವೆ ಒಂದು; ಮತ್ತೆ ಪಕ್ಕದಲ್ಲಿ ಅಂತಹದೇ ಚೌಕ, ಮೇಲೆಯೂ ಅಂತಹದೇ ಚೌಕ. ಒಂದು ಚೌಕದ ಅಂಚು ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿಗಿಂತ ಅತಿ ಸ್ವಲ್ಪ ಹೆಚ್ಚು. ಮೂಲೆಯ ಗೊಂಚಲುಗಳನ್ನು ನೆರೆಯ ಚೌಕಗಳು ಹಂಚಿಕೊಳ್ಳುವುದರಿಂದ, ಒಂದು ಚೌಕದ ಪಾಲಿಗೆ ಬರುವ ಮುದ್ದೆಗಳು 24. ಮಿಲಿಮೀಟರಿನ ಸಾವಿರದಲ್ಲಿ ಐದು ಪಾಲು ಅಗಲವುಳ್ಳ ಹರಳಿನಲ್ಲಿ ಇಂತಹ ಚೌಕಗಳು ಸುಮಾರು 11 ಕೋಟಿ, ಮುದ್ದೆಗಳು ಸುಮಾರು 270 ಕೋಟಿ ಆಗುವುವೆಂದು ಯಾರು ಬೇಕಾದರೂ ಲೆಕ್ಕಹಾಕಬಹುದು. ಬರಿಗಣ್ಣಿಗೆ ಕಾಣದ ಒಂದು ಕಣದ ಸಂಸಾರ ಅಷ್ಟು.

ಮುಖ್ಯವಾದುದು ಎಣಿಕೆಯಲ್ಲ, ಬಿಗಿ. ಸಾಧಾರಣ ಪ್ರೋಟೀನು ಸ್ಫಟಿಕದಲ್ಲಿ ಅಣುಗಳು ಅಲ್ಲಲ್ಲಿ ಮಾತ್ರ ತಾಕಿಕೊಂಡು, ಒಟ್ಟು ಗಾತ್ರದ ಅರ್ಧದಷ್ಟನ್ನು ನೀರೇ ತುಂಬಿರುವುದು. ಅದಕ್ಕೇ ಅವು ಮುಟ್ಟಿದರೆ ಮುರಿಯುವಷ್ಟು ಮೆದು. ಬಹುಮುಖಿಯಲ್ಲಿ ನೀರಿಗೆ ಉಳಿದಿರುವುದು ಸುಮಾರು ಐದರಲ್ಲೊಂದು ಪಾಲು. ಗಾರೆಯ ಕೆಲಸದವರು ಗಚ್ಚಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿದ ಗೋಡೆಯನ್ನು ಮೆಚ್ಚುತ್ತಾರೆ. ಇದು ಅಂತಹ ಗೋಡೆ. ಇದರಲ್ಲಿ ಕಲ್ಲೂ ಪಕ್ಕದ ಕಲ್ಲಿನೊಳಕ್ಕೆ ಕೈ ತೂರಿಸಿದೆ. ಕೊಳೆಯಿಸುವ ಕ್ರಿಮಿಗಳ ಜೀರ್ಣರಸಗಳಿಗೆ ಒಳಹೊಗುವ ಎಡೆಯೇ ಸಿಕ್ಕದು.

ಇಷ್ಟು ಬಿಗಿಯಾದ ಗೋಡೆಯೊಳಗೆ ವೈರಸ್ಸು ಕೂತಿರುವುದಾದರೂ ಹೇಗೆ? ವೈರಸ್ಸು ಚೌಕಕ್ಕಿಂತ ಎಷ್ಟೋ ಪಾಲು ದೊಡ್ಡದು. ಹೊರಗಿನ ವಸ್ತು ಸೇರಿದರೆ ಸ್ಫಟಿಕ ಕೆಡುವುದು ಲೋಕನಿಯಮ. ಸಕ್ಕರೆಪಾಕದಲ್ಲಿ ಕಸ ಬಿದ್ದರೆ ಹರಳು ಸರಿಯಾಗಿ ಕಟ್ಟದು. ಇಲ್ಲಿ ಹಾಗಾಗದು. ವೈರಸ್ಸನ್ನು ಒಳಗೊಂಡ ಹರಳನ್ನೂ, ವೈರಸ್ಸಿಲ್ಲದೆ ಬೆಳೆದ ಬರಿಯ ಹರಳನ್ನೂ ಹೋಲಿಸಿ ನೋಡಿದಾಗ ಎರಡರ ಕಟ್ಟೂ ಒಂದೇ ಆಗಿತ್ತು. ನದಿಯು ಬಂಡೆಯ ಸುತ್ತ ಹರಿದು ಮುಂದೆ ಕೂಡಿಕೊಳ್ಳುವಂತೆ, ಚೌಕಗಳ ಸಾಲು ವೈರಸ್ಸಿನ ಸುತ್ತ ಬೆಳೆದು ಆಚೆ ಸಾಲು ತಪ್ಪದೆ ಕೂಡುತ್ತದೆ. ನಮಗೆ ಈ ಸಂಶೋಧನೆಯಲ್ಲೆಲ್ಲ ಅತ್ಯಂತ ಸೋಜಿಗವಾಗಿ ತೋರಿದುದು ಇದೇ.

ಇನ್ನು ಬೀಗದ ಕೈಯ ವಿಚಾರ. ಹರಳಿನ ಒಳಗಡೆ ಟೈರೋಸಿನ್ ಎಂಬ ಅಮೈನೋ ಆಮ್ಲಗಳು ಅಲ್ಲಲ್ಲಿ ಗುಂಪಾಗಿ ನೆರೆದಿವೆ. ಮಳೆನೀರಿನಲ್ಲಿ, ಮಣ್ಣಿನಲ್ಲಿ ಅವುಗಳಿಗೆ ವಿದ್ಯುದಂಶವಿಲ್ಲ, ಸುಮ್ಮನೆ ಒತ್ತಿಕೊಂಡಿರುವುವು. ತೀಕ್ಷ್ಣವಾದ ಕ್ಷಾರ ತಗಲಿದಾಗ ಒಂದೊಂದು ಟೈರೋಸಿನ್ನೂ ಒಂದು ಪ್ರೋಟಾನನ್ನು ಕಳೆದುಕೊಂಡು ಋಣವಿದ್ಯುತ್ತನ್ನು ಪಡೆಯುವುದು. ಸಜಾತೀಯ ವಿದ್ಯುತ್ತುಗಳು ಒಂದನ್ನೊಂದು ತಳ್ಳುವುವೆಂಬುದು ಶಾಲೆಯ ಹುಡುಗರಿಗೂ ಗೊತ್ತು. ಅಷ್ಟು ಬಿಗಿಯಾಗಿ ಕೂತಿದ್ದ ನೆರೆಹೊರೆಯವರು ಹೀಗೆ ಒಮ್ಮೆಗೇ ಒಬ್ಬರನ್ನೊಬ್ಬರು ತಳ್ಳಲಾರಂಭಿಸಿದರೆ ಗೋಡೆ ಕುಸಿಯಬೇಕಾದುದೇ. ವಿದ್ವಾಂಸರು ಕೊಡುವ ವಿವರಣೆ ಇದು, ಒಪ್ಪತಕ್ಕುದಾಗಿದೆ. ಕುಸಿದ ಗೋಡೆಯಿಂದ ಹೊರಬಿದ್ದ ವೈರಸ್ಸುಗಳು ಕರುಳಿನ ಕೋಶಗಳನ್ನು ಹೊಗುವುವು. ಬಿಗಿಯೂ ಕುಸಿತವೂ ಎರಡು ಬೇರೆ ಉಪಾಯಗಳಲ್ಲ. ಒತ್ತಾಗಿ ಕೂತಿರುವುದರಿಂದಲೇ ತಳ್ಳಾಟವೂ ಬಲವಾಗಿರುತ್ತದೆ.

ಹಾಲುತೊಂಡೆಯ ಗುಂಪಿಗೆ ಸೇರಿದ, ಬೇರೊಂದು ಜಾತಿಯ ಪತಂಗದ ಹುಳುವಿನಿಂದ ಬಂದ ಬಹುಮುಖಿಯ ಕಟ್ಟು 2009ರಲ್ಲಿ ಕುಲಿಬಲಿಯವರ ತಂಡದಿಂದಲೂ, 2010ರಲ್ಲಿ ಇಂಗ್ಲೆಂಡಿನ ತಂಡವೊಂದರಿಂದಲೂ ಹೊರಬಂದಿತು. ಅಲ್ಲಿಯೂ ತ್ರಿಕೂಟಗಳು, ಅಲ್ಲಿಯೂ ಮೂಲೆಗೊಂದು, ನಡುವೆ ಒಂದು ಎಂಬ ಅದೇ ಜೋಡಣೆ, ಚೌಕದ ಅಳತೆಯೂ ಹೆಚ್ಚು ಕಡಮೆ ಅಷ್ಟೇ. ಇಟ್ಟಿಗೆ ಮಾತ್ರ ಬೇರೆ: ಪ್ರೋಟೀನಿನ ಮಡಿಕೆಯ ವಿವರವಾಗಲಿ ಒಂದಕ್ಕೊಂದು ಹೆಣೆದ ರೀತಿಯಾಗಲಿ ಹಿಂದಿನದರಂತಿಲ್ಲ. ಡಿ.ಎನ್‌.ಎ. ವೈರಸ್ಸು ಒಂದು ಕಡೆ, ಆರ್‌.ಎನ್‌.ಎ. ವೈರಸ್ಸು ಮತ್ತೊಂದು ಕಡೆ, ಪರಸ್ಪರ ಬಂಧುತ್ವವಿಲ್ಲದವು, ತಮ್ಮ ತಮ್ಮ ದಾರಿಯಲ್ಲಿ ಒಂದೇ ಪೆಟ್ಟಿಗೆಯನ್ನು ಕಂಡುಕೊಂಡಿವೆ ಎಂದು ಆ ತಂಡ ತೀರ್ಮಾನಿಸಿತು. 2017ರಲ್ಲಿ ಸೇಬಿನ ಕಾಯಿ ಕೊರೆಯುವ ಹುಳುವಿನ ವೈರಸ್ಸಿನದೂ ಬಗೆಹರಿಯಿತು. ಅದರ ಪೆಟ್ಟಿಗೆಯಲ್ಲಿ ವೈರಸ್ಸು ಒಂದೇ ಒಂದು. ಗೋಡೆಯ ಚೌಕಗಳು ಸುಮಾರು 9 ಸಾವಿರ ಮಾತ್ರ. ಅಷ್ಟು ಸಣ್ಣದಕ್ಕೆ ಬಳೆಯ ಯಂತ್ರವೂ ಸಾಲದೆ, ಅಮೆರಿಕೆಯ ಸ್ಟಾನ್‌ಫರ್ಡಿನಲ್ಲಿ ಕ್ಷಕಿರಣದ ಲೇಸರನ್ನು ಬಳಸಿದರು. ಅದರ ಒಂದು ಮಿಂಚಿಗೆ ಹರಳು ಭಸ್ಮವಾಗುವುದು ನಿಶ್ಚಯ; ಭಸ್ಮವಾಗುವ ಮೊದಲೇ ಚಿತ್ರ ಮೂಡಿರುತ್ತದೆಯಾಗಿ, ಒಂದರ ಹಿಂದೊಂದರಂತೆ ಸಾವಿರಾರು ಹರಳುಗಳನ್ನು ಕಿರಣದ ಹಾದಿಗೆ ಬಿಟ್ಟು ಚಿತ್ರಗಳನ್ನು ಕೂಡಿಸಿದರು.

ಇವೆಲ್ಲ ದೂರದೇಶದ ಯಂತ್ರಗಳ ಮಾತಾಯಿತು. ಇದರಿಂದ ಸಿಡ್ಲಘಟ್ಟದ ಹುಳುಮನೆಗೆ ಏನಾಯಿತೆಂದು ಶ್ರೋತೃಗಳು ಕೇಳಬಹುದು. ಕೇಳುವುದು ನ್ಯಾಯವೇ. ಹಾಲುತೊಂಡೆ ತಗಲಿದ ಹುಳುವನ್ನು ಬದುಕಿಸುವ ಮದ್ದು ಇಲ್ಲ. ಮಾಡಬಹುದಾದುದೆಲ್ಲ ಪೆಟ್ಟಿಗೆಗಳು ಹುಳುವಿನ ಬಾಯಿಗೆ ಬೀಳದಂತೆ ನೋಡಿಕೊಳ್ಳುವುದು. ಬೆಳೆ ಮುಗಿದ ಮೇಲೆ ಮನೆಯನ್ನೂ ತಟ್ಟೆಗಳನ್ನೂ ತೊಳೆಯಲು ರೇಷ್ಮೆ ತಜ್ಞರು ಶಿಫಾರಸು ಮಾಡುವ ದ್ರವಗಳಲ್ಲಿ ಒಂದು ಹೀಗಿದೆ: ನೂರು ಲೀಟರು ನೀರಿಗೆ 2 ಕಿಲೋ ಬ್ಲೀಚಿಂಗ್ ಪುಡಿ, 300 ಗ್ರಾಂ ಅರಳಿದ ಸುಣ್ಣ. ಕ್ರಿಮಿಯನ್ನು ಕೊಲ್ಲುವುದು ಬ್ಲೀಚಿಂಗ್ ಪುಡಿಯ ಕ್ಲೋರೀನು. ಹಾಗಾದರೆ ಆ ಅಷ್ಟಿಷ್ಟು ಸುಣ್ಣವೇಕೆ? ಸುಣ್ಣವು ಕ್ಷಾರ. ಹುಳುವಿನ ಕರುಳು ಮಾಡುವ ಕೆಲಸವನ್ನು ಅದು ನೆಲದ ಮೇಲೆಯೇ ಮಾಡಿ ಪೆಟ್ಟಿಗೆಯನ್ನು ಬಿಚ್ಚುವುದು. ಹುಳುವಿಲ್ಲದೆಡೆಯಲ್ಲಿ ಬೆತ್ತಲೆಯಾಗಿ ಹೊರಬಿದ್ದ ವೈರಸ್ಸನ್ನು ಕ್ಲೋರೀನು ಮುಗಿಸುವುದು. ದುಬಾರಿಯೆಂದೋ ಬೇಸರವೆಂದೋ ಸುಣ್ಣವನ್ನು ಬಿಟ್ಟು ತೊಳೆದವರ ಮನೆಯಲ್ಲಿ ಪೆಟ್ಟಿಗೆ ಮುಚ್ಚಿದಂತೆಯೇ ಉಳಿಯುವ ಭಯವುಂಟು. ಸತ್ತ ಹುಳುಗಳನ್ನು ತಿಪ್ಪೆಗೆ ಎಸೆಯುವುದಂತೂ ಪೆಟ್ಟಿಗೆಗಳನ್ನು ತೋಟದ ಸೊಪ್ಪಿಗೆ ಹರಡಿದಂತೆಯೇ ಸರಿ. ಸುಡಬೇಕು, ಇಲ್ಲವೆ ಸುಣ್ಣ ಹಾಕಿ ಆಳವಾಗಿ ಹೂಳಬೇಕು.

ಇದೇ ಪೆಟ್ಟಿಗೆ ಬೇರೆಡೆ ರೈತನ ಕಡೆಗೆ ನಿಂತು ಕಾದುವುದೂ ಉಂಟು. ಕಲಬುರಗಿಯ ಕಡೆಯ ತೊಗರಿಗೂ ಕಡಲೆಗೂ ಕಾಯಿಕೊರಕದ ಹುಳುವಿನ ಕಾಟ ಬಲವಾದುದು. ಆ ಹುಳುವಿಗೂ ತನ್ನದೇ ಆದ ಹಾಲುತೊಂಡೆಯಿದೆ. ರೋಗದಿಂದ ಸತ್ತ ಹುಳುಗಳನ್ನು ಅರೆದು ಸೋಸಿ ಬಹುಮುಖಿಗಳನ್ನು ಶೇಖರಿಸಿ ನೀರಿನಲ್ಲಿ ಕಲಸಿ ಗಿಡಕ್ಕೆ ಸಿಂಪಡಿಸುತ್ತಾರೆ. ಅಳೆಯುವುದೂ ಹುಳುಗಳ ಲೆಕ್ಕದಲ್ಲೇ: ಹೆಕ್ಟೇರಿಗೆ 250 ಹುಳುಗಳಿಗೆ ಸಮನಾದಷ್ಟು, ಒಂದು ಹುಳುವಿಗೆ 600 ಕೋಟಿ ಪೆಟ್ಟಿಗೆಗಳೆಂದು ಎಣಿಕೆ. ತೊಗರಿಯನ್ನು ತಿನ್ನುವ ನಮಗೆ ಇದರಿಂದ ಬಾಧೆಯಿಲ್ಲ. ಈ ವೈರಸ್ಸು ಬೆನ್ನೆಲುಬುಳ್ಳ ಪ್ರಾಣಿಗಳಲ್ಲಿ ಬೆಳೆಯಲಾರದು. ನಮ್ಮ ಜಠರದ ಹುಳಿಯೂ ಆ ಬೀಗದ ಕೈಯಲ್ಲ. ಬಿಸಿಲೊಂದಕ್ಕೆ ಮಾತ್ರ ಪೆಟ್ಟಿಗೆಯ ಕಾವಲು ಪೂರ್ತಿಯಾಗಿ ಸಾಲದು. ಎಲೆಯ ಮೇಲೆ ಬಿದ್ದ ಹರಳಿನೊಳಕ್ಕೆ ನೇರಳಾತೀತ ಕಿರಣ ಹೊಕ್ಕು ವೈರಸ್ಸನ್ನು ಕೆಲವೇ ದಿನಗಳಲ್ಲಿ ನಿಷ್ಫಲಗೊಳಿಸುವುದು. ಅದರಿಂದ ಸಿಂಪಡಿಸುವುದು ಸಂಜೆಯ ಹೊತ್ತು. ಹುಳುವು ಆಸೆಪಟ್ಟು ತಿನ್ನಲೆಂದು ದ್ರವಕ್ಕೆ ಸ್ವಲ್ಪ ಬೆಲ್ಲವನ್ನೂ, ಬಿಸಿಲನ್ನು ತಡೆಯಲೆಂದು ಬಟ್ಟೆಗೆ ಹಾಕುವ ನೀಲಿಯನ್ನೂ ಸೇರಿಸುವರು.